ಐವತ್ತರಲ್ಲಿ ಮೂಳೆ ಕಾಯುವ ಹಾರ್ಮೋನು ಹದಿನೇಳರಲ್ಲಿ ಏಕೆ ಸಾಲದು?

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಂದು ಮುಖ್ಯ ಪ್ರಕಟಣೆ ಹೊರಡಿಸಿತು. ಮುಟ್ಟು ನಿಂತ ಮಹಿಳೆಯರಿಗೆ ಕೊಡುವ ಹಾರ್ಮೋನ್ ಔಷಧಿಗಳ ಮಾಹಿತಿ ಪತ್ರದಲ್ಲಿ ಎರಡು ದಶಕಗಳಿಂದ ಅಚ್ಚಾಗುತ್ತಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಯಲಾಗುವುದು ಎಂಬುದು ಅದರ ಸಾರ. ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆವಿನ ಕಾಯಿಲೆಯ ಕುರಿತ ಆ ಚೌಕಟ್ಟು ಹೋಗುತ್ತದೆ ಎಂಬ ಸುದ್ದಿಯ ಬೆನ್ನಲ್ಲೇ, ಆ ಔಷಧಿಗಳಲ್ಲಿರುವ ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಮೂಳೆಯನ್ನು ಕಾಪಾಡುತ್ತದೆ ಎಂಬ ಮಾತು ಮತ್ತೆ ಮುನ್ನೆಲೆಗೆ ಬಂತು. ಆದರೆ ಊಟ ಬಿಟ್ಟು ಬಿಟ್ಟು ಕೃಶವಾಗಿ ಮುಟ್ಟು ನಿಂತ ಯುವತಿಯರ ವಿಷಯದಲ್ಲಿ ವೈದ್ಯರ ಮಾತೇ ಬೇರೆ. ಅದೇ ಗುಂಪಿನ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆಯನ್ನು ಮೂಳೆಯ ಸಲುವಾಗಿ ಅವರಿಗೆ ಕೊಡಬಾರದೆಂದು ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ ಮಾರ್ಗಸೂಚಿ 2017ರಲ್ಲೇ ಹೇಳಿದೆ.

ಈ ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಎರಡೂ ಕಡೆ ಮುಟ್ಟು ನಿಂತಿದೆ, ಎರಡೂ ಕಡೆ ಈಸ್ಟ್ರೋಜೆನ್ ಇಳಿದಿದೆ, ಎರಡೂ ಕಡೆ ಮೂಳೆ ಕರಗುತ್ತಿದೆ. ಆದರೂ ಒಬ್ಬರಿಗೆ ಮದ್ದಾಗುವುದು ಇನ್ನೊಬ್ಬರಿಗೆ ಆಗುವುದಿಲ್ಲ. ಮುಟ್ಟು ನಿಲ್ಲುವುದು ಹೊರಗೆ ಕಾಣುವ ಲಕ್ಷಣ ಮಾತ್ರವಾಗಿದ್ದು, ಅದರ ಹಿಂದೆ ದೇಹದಲ್ಲಿ ನಡೆಯುತ್ತಿರುವ ಕೆಲಸ ಈ ಎರಡು ಸ್ಥಿತಿಗಳಲ್ಲಿ ತೀರಾ ಬೇರೆಯಾಗಿರುವುದೇ ಇದಕ್ಕೆ ಕಾರಣ.

ಕೆಡವುವ ಕಣ, ಕಟ್ಟುವ ಕಣ

ಮೊದಲು ಒಂದು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಮೂಳೆ ಸವೆತ’ ಎಂದು ನಾವು ಎರಡು ಕಾಯಿಲೆಗಳಿಗೂ ಹೇಳುತ್ತೇವೆ. ಮಂಡಿಯ ಕೀಲಿನಲ್ಲಿ ಮೃದ್ವಸ್ಥಿ ತೇಯ್ದು ನೋವು ಬರುವುದು ಒಂದು. ಮೂಳೆಯ ಒಳಗಿನ ಜಾಲರಿ ತೆಳ್ಳಗಾಗಿ, ಸಣ್ಣ ಪೆಟ್ಟಿಗೂ ಮುರಿಯುವಂತಾಗುವುದು ಇನ್ನೊಂದು. ಮೊದಲನೆಯದು ದಿನವೂ ನೋಯುತ್ತದೆ. ಎರಡನೆಯದು ಮುರಿಯುವ ತನಕ ತನ್ನ ಇರವನ್ನೇ ತೋರುವುದಿಲ್ಲ. ಇಲ್ಲಿ ಚರ್ಚಿಸುತ್ತಿರುವುದು ಈ ಎರಡನೆಯದನ್ನು, ಅಂದರೆ ಆಸ್ಟಿಯೋಪೊರೋಸಿಸ್ ಅನ್ನು. ಒಂದೇ ಹೆಸರಿನ ಕಾರಣದಿಂದ ಮಂಡಿನೋವು ಇಲ್ಲದವರು ತಮ್ಮ ಮೂಳೆ ಗಟ್ಟಿಯಾಗಿದೆ ಎಂದು ನಂಬಿಬಿಡುವುದುಂಟು.

ಮೂಳೆ ಒಮ್ಮೆ ಬೆಳೆದು ಹಾಗೆಯೇ ನಿಂತುಬಿಡುವ ವಸ್ತುವಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಕಣಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಆಸ್ಟಿಯೋಬ್ಲಾಸ್ಟ್ ಎಂಬ ಕಣಗಳು ಆ ಗುಳಿಯಲ್ಲಿ ಹೊಸ ಮೂಳೆಯನ್ನು ತುಂಬುತ್ತಿರುತ್ತವೆ. ಬಾಲ್ಯದಲ್ಲಿ ಮತ್ತು ಹದಿಹರೆಯದಲ್ಲಿ ಕಟ್ಟುವ ಕೆಲಸ ಕೆಡವುವ ಕೆಲಸಕ್ಕಿಂತ ಮುಂದಿರುತ್ತದೆ. ಎತ್ತರ ಅತಿ ವೇಗವಾಗಿ ಏರುವ ಕಾಲದ ಸುತ್ತಲಿನ ಎರಡೇ ವರ್ಷಗಳಲ್ಲಿ, ವಯಸ್ಕ ಮೂಳೆಯಲ್ಲಿರುವ ಒಟ್ಟು ಖನಿಜದ ಸುಮಾರು ಕಾಲು ಭಾಗ ಸೇರಿಬಿಡುತ್ತದೆ. ಇಪ್ಪತ್ತರಿಂದ ಮೂವತ್ತರ ನಡುವೆ ಮೂಳೆಯ ಈ ಇಡುಗಂಟು ತನ್ನ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಆಮೇಲೆ ಬದುಕಿನುದ್ದಕ್ಕೂ ಖರ್ಚಾಗುವುದು ಇದೇ ಗಂಟು.

ಈಸ್ಟ್ರೋಜೆನ್ ಮುಖ್ಯವಾಗಿ ಕೆಡವುವ ಕಣಗಳಿಗೆ ಹಾಕಿದ ಕಡಿವಾಣ. ಆಸ್ಟಿಯೋಕ್ಲಾಸ್ಟ್‌ಗಳು ಹುಟ್ಟಲು ಮತ್ತು ಬದುಕಲು ರ್‍ಯಾಂಕ್‌ಎಲ್ ಎಂಬ ಪ್ರೋಟೀನಿನ ಪ್ರಚೋದನೆ ಬೇಕು. ಈಸ್ಟ್ರೋಜೆನ್ ಆ ಪ್ರಚೋದನೆಯನ್ನು ತಗ್ಗಿಸಿ ಹಿಡಿಯುತ್ತದೆ. ಕಡಿವಾಣ ಸಡಿಲವಾದಾಗ ಕೆಡವುವ ವೇಗ ಏರುತ್ತದೆ, ಕಟ್ಟುವ ಕಣಗಳು ಎಷ್ಟೇ ದುಡಿದರೂ ಆ ವೇಗಕ್ಕೆ ಸಮನಾಗಲಾರವು.

ಮುಟ್ಟು ನಿಲ್ಲುವ ವಯಸ್ಸಿನ ನಷ್ಟ

ಋತುಬಂಧದ ನಂತರ ಮೂಳೆಗೆ ಆಗುವುದು ಬಹುಪಾಲು ಇದೇ. ಅಂಡಾಶಯ ತನ್ನ ಕೆಲಸ ಮುಗಿಸುತ್ತದೆ, ಈಸ್ಟ್ರೋಜೆನ್ ಕುಸಿಯುತ್ತದೆ, ಕೆಡವುವ ಕಣಗಳ ಸಂಖ್ಯೆ ಮತ್ತು ಆಯುಷ್ಯ ಎರಡೂ ಹೆಚ್ಚುತ್ತವೆ. ಈ ನಂಟನ್ನು ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ಮಧ್ಯವಯಸ್ಸಿನ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಮೆರಿಕದ ಸ್ವಾನ್ ಅಧ್ಯಯನ ಇದರ ಗತಿಯನ್ನು ಅಳೆದು ತೋರಿಸಿದೆ. ಕೊನೆಯ ಮುಟ್ಟಿಗೆ ಸುಮಾರು ಒಂದು ವರ್ಷ ಮೊದಲೇ ನಷ್ಟ ತೀವ್ರಗೊಳ್ಳುತ್ತದೆ, ಕೊನೆಯ ಮುಟ್ಟಿನ ನಂತರವೂ ಎರಡು ವರ್ಷ ಅದೇ ವೇಗದಲ್ಲಿ ನಡೆದು ಆಮೇಲೆ ನಿಧಾನವಾಗುತ್ತದೆ. ಹತ್ತು ವರ್ಷಗಳ ಲೆಕ್ಕ ಹಿಡಿದರೆ ಬೆನ್ನುಮೂಳೆಯಲ್ಲಿ ಮತ್ತು ತೊಡೆಮೂಳೆಯ ಕತ್ತಿನಲ್ಲಿ ಸುಮಾರು ಶೇ 9ರಿಂದ 11ರಷ್ಟು ಸಾಂದ್ರತೆ ಹೋಗಿರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸರಿಯಾಗಿ ಉಣ್ಣುವ ಮಹಿಳೆಯಲ್ಲಿ ಈ ಹಂತದಲ್ಲಿ ಕಟ್ಟುವ ಕಣಗಳಿಗೆ ಆಹಾರದ ಕೊರತೆ ಇರುವುದಿಲ್ಲ; ಅವು ಕೆಲಸ ನಿಲ್ಲಿಸಿರುವುದೂ ಇಲ್ಲ. ತಪ್ಪಿರುವುದು ಮುಖ್ಯವಾಗಿ ಒಂದೇ ಕೊಂಡಿ. ಆ ಕೊಂಡಿಯನ್ನು ಹೊರಗಿನಿಂದ ಜೋಡಿಸಿದರೆ ನಷ್ಟ ನಿಲ್ಲುತ್ತದೆ. ಋತುಬಂಧದ ನಂತರ ಹಾರ್ಮೋನ್ ಚಿಕಿತ್ಸೆ ಮೂಳೆಗೆ ಫಲ ಕೊಡುವುದು ಈ ಕಾರಣದಿಂದ. ಅದನ್ನು ನಿಲ್ಲಿಸಿದೊಡನೆ ನಷ್ಟ ಮತ್ತೆ ಶುರುವಾಗುವುದಕ್ಕೂ ಇದೇ ಕಾರಣ.

ಹಸಿದ ದೇಹ ಯಾವುದನ್ನು ಬಿಟ್ಟುಕೊಡುತ್ತದೆ

ತೂಕ ಏರುವ ಭಯದಿಂದ ಊಟ ಬಿಡುತ್ತಾ ಹೋಗುವ ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆಯಲ್ಲಿ ಅಂಡಾಶಯ ಕೆಟ್ಟಿರುವುದಿಲ್ಲ. ದೇಹಕ್ಕೆ ಬರುವ ಶಕ್ತಿ ತೀರಾ ಕಡಿಮೆಯಾದಾಗ ಮಿದುಳಿನ ಹೈಪೊಥಲಾಮಸ್ ಅದನ್ನು ಬರಗಾಲವೆಂದು ಓದಿಕೊಳ್ಳುತ್ತದೆ. ಕೊಬ್ಬಿನ ಕಣಗಳು ಹೊರಡಿಸುವ ಲೆಪ್ಟಿನ್ ಹಾರ್ಮೋನು ಇಳಿದಿರುವುದು ಅದಕ್ಕೆ ಸಿಗುವ ಮುಖ್ಯ ಸೂಚನೆಗಳಲ್ಲಿ ಒಂದು. ಬರಗಾಲದಲ್ಲಿ ಗರ್ಭ ಧರಿಸುವುದು ಜೀವಕ್ಕೆ ಅಪಾಯ. ಆದ್ದರಿಂದ ಅಂಡಾಶಯಕ್ಕೆ ಹೋಗುವ ಆದೇಶವನ್ನೇ ಮಿದುಳು ತಡೆಹಿಡಿಯುತ್ತದೆ. ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ.

ಮಾತು ಇಲ್ಲಿಗೇ ನಿಂತಿದ್ದರೆ ಇದನ್ನು ಅಕಾಲದ ಋತುಬಂಧ ಎನ್ನಬಹುದಿತ್ತು. ಆದರೆ ಹಸಿವು ಮೂಳೆಯ ಮೇಲೆ ಇನ್ನೂ ಹಲವು ದಾರಿಗಳಿಂದ ಕೈಹಾಕುತ್ತದೆ. ಕಟ್ಟುವ ಕಣಗಳನ್ನು ದುಡಿಸುವ ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ತಯಾರಿಸುವುದು ಹೆಚ್ಚಾಗಿ ಯಕೃತ್ತು, ಮತ್ತು ಅದಕ್ಕೆ ಪೋಷಣೆ ಬೇಕು. ಉಪವಾಸದಲ್ಲಿ ಬೆಳವಣಿಗೆಯ ಹಾರ್ಮೋನು ರಕ್ತದಲ್ಲಿ ಏರಿದ್ದರೂ ಯಕೃತ್ತು ಅದಕ್ಕೆ ಓಗೊಡುವುದಿಲ್ಲ, ಐಜಿಎಫ್-1 ಕುಸಿಯುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ. ಅದು ಕಟ್ಟುವುದನ್ನು ಕುಂದಿಸಿ ಕೆಡವುವುದಕ್ಕೆ ಒತ್ತಾಸೆಯಾಗುತ್ತದೆ. ಸ್ನಾಯು ಕರಗಿದಂತೆ ಮೂಳೆಯ ಮೇಲೆ ಬೀಳುವ ಎಳೆತ, ಭಾರ ಎರಡೂ ಇಳಿಯುತ್ತವೆ, ಮೂಳೆಗೆ ತಾನು ಗಟ್ಟಿಯಾಗಿರಬೇಕೆಂಬ ಸೂಚನೆಯೇ ಸಿಗುವುದಿಲ್ಲ. ಹೀಗೆ ವಯಸ್ಕ ರೋಗಿಯಲ್ಲಿ ಕೆಡವುವುದು ಏರಿರುತ್ತದೆ, ಕಟ್ಟುವುದು ಇಳಿದಿರುತ್ತದೆ. ಬೆಳೆಯುವ ಹುಡುಗಿಯಲ್ಲಾದರೆ ಎರಡೂ ಮಂದವಾಗಿ, ತುಂಬಬೇಕಾದ ಇಡುಗಂಟು ತುಂಬುವುದೇ ಇಲ್ಲ.

ಈ ಕಾಯಿಲೆಯ ಒಂದು ವಿಚಿತ್ರವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಇಡೀ ಮೈಯಿಂದ ಕೊಬ್ಬು ಕರಗಿಹೋಗಿರುವಾಗಲೂ ಮೂಳೆಯ ಒಳಗಿನ ಮಜ್ಜೆಯಲ್ಲಿ ಕೊಬ್ಬು ಹೆಚ್ಚಿರುತ್ತದೆ. ಮಜ್ಜೆಯಲ್ಲಿರುವ ಒಂದೇ ಬಗೆಯ ಮೂಲಕಣ ಮೂಳೆ ಕಟ್ಟುವ ಕಣವೂ ಆಗಬಲ್ಲದು, ಕೊಬ್ಬಿನ ಕಣವೂ ಆಗಬಲ್ಲದು. ಹಸಿದ ದೇಹದಲ್ಲಿ ಅದು ಕೊಬ್ಬಿನ ಕಡೆಗೆ ವಾಲುತ್ತದೆ. ಅಂದರೆ ಮೂಳೆ ಕಟ್ಟಬೇಕಾದ ಕಣ ಹುಟ್ಟುವ ಮೊದಲೇ ದಾರಿ ಬದಲಿಸಿರುತ್ತದೆ.

ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಅಂಕಿಗಳಿವೆ. 2000ದಲ್ಲಿ ಪ್ರಕಟವಾದ, ಅನೊರೆಕ್ಸಿಯಾ ಇದ್ದ 130 ಮಹಿಳೆಯರ ಅಧ್ಯಯನದಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ದೇಹದ ಒಂದಾದರೂ ಕಡೆ ಮೂಳೆ ತೆಳುವಾಗಿತ್ತು; ಮೂರನೇ ಒಂದಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಆಸ್ಟಿಯೋಪೊರೋಸಿಸ್‌ನ ಮಟ್ಟ ಮುಟ್ಟಿತ್ತು. ಚಿಕಿತ್ಸೆ ಸಿಗದೆ, ತೂಕ ಮತ್ತು ಮುಟ್ಟು ಮರಳದೆ ಉಳಿದವರಲ್ಲಿ ವರ್ಷಕ್ಕೆ ಸುಮಾರು ಶೇ 2.5ರಷ್ಟು ಸಾಂದ್ರತೆ ಹೋಗುವುದು ಕಂಡುಬಂದಿದೆ. ಇದು ಋತುಬಂಧದ ಸುತ್ತಲಿನ ಅತಿ ತೀವ್ರ ವರ್ಷಗಳ ವೇಗ. ಐವತ್ತರಲ್ಲಿ ಮೂರು ವರ್ಷ ನಡೆದು ತಗ್ಗುವ ಈ ವೇಗ, ಇಪ್ಪತ್ತರಲ್ಲಿ ಕಾಯಿಲೆ ಇರುವಷ್ಟು ಕಾಲವೂ ನಡೆಯುತ್ತಿರುತ್ತದೆ ಎಂಬುದನ್ನು ನೆನಪಿಡಬೇಕು. ಅನೊರೆಕ್ಸಿಯಾ ಇರುವ ಹದಿಹರೆಯದ ಹುಡುಗಿಯರಲ್ಲಿ ಮೂಳೆ ಮುರಿತ ಆರೋಗ್ಯವಂತ ಓರಗೆಯವರಿಗಿಂತ ಶೇ 60ರಷ್ಟು ಹೆಚ್ಚೆಂದು 2014ರ ಅಧ್ಯಯನವೊಂದು ಹೇಳಿದೆ.

ತೀರಾ ಸಣ್ಣಗಾದವರಿಗೆ ಮಾತ್ರ ಈ ಅಪಾಯ ಎಂದು ತಿಳಿಯುವುದೂ ಸರಿಯಲ್ಲ. ಮೊದಲಿಗೆ ಹೆಚ್ಚು ತೂಕವಿದ್ದು ಬೇಗನೆ ಬಹಳ ಇಳಿಸಿಕೊಂಡವರ ತೂಕ ನೋಡುವುದಕ್ಕೆ ಸಾಧಾರಣವಾಗಿಯೇ ಇರಬಹುದು. ಮುಟ್ಟು ಮಾತ್ರ ನಿಂತಿರುತ್ತದೆ. ಶಕ್ತಿಗೆ ತಕ್ಕಷ್ಟು ಉಣ್ಣದೆ ಕಠಿಣ ತರಬೇತಿ ಪಡೆಯುವ ಕ್ರೀಡಾಪಟುಗಳಲ್ಲೂ ಇದೇ ಆಗುತ್ತದೆ. ಅತಿಯಾಗಿ ತಿಂದು ಬಳಿಕ ವಾಂತಿ ಮಾಡಿಕೊಳ್ಳುವಂಥ ಬುಲಿಮಿಯಾ ಕಾಯಿಲೆಯಲ್ಲಿ ತೂಕ ಮತ್ತು ಮುಟ್ಟು ಉಳಿದಿದ್ದರೆ ಮೂಳೆಗೆ ಹಾನಿ ಕಡಿಮೆ, ಆದರೆ ಹಿಂದೊಮ್ಮೆ ಅನೊರೆಕ್ಸಿಯಾ ಇದ್ದವರಿಗೆ ಆ ರಕ್ಷಣೆ ಇಲ್ಲ.

ಮಾತ್ರೆ ತರುವ ಮುಟ್ಟು

ಇಷ್ಟು ತಿಳಿದ ಮೇಲೆ ಗರ್ಭನಿರೋಧಕ ಮಾತ್ರೆ ಏಕೆ ಸೋಲುತ್ತದೆ ಎಂಬುದು ಅರ್ಥವಾಗುತ್ತದೆ. ತಪ್ಪಿರುವ ಹಲವು ಕೊಂಡಿಗಳಲ್ಲಿ ಅದು ಒಂದನ್ನು ಮಾತ್ರ ಮುಟ್ಟುತ್ತದೆ. ಜೊತೆಗೆ, ಬಾಯಿಂದ ನುಂಗಿದ ಈಸ್ಟ್ರೋಜೆನ್ ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ಅಲ್ಲಿ ಐಜಿಎಫ್-1 ತಯಾರಿಕೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಮೊದಲೇ ಬಡವಾಗಿದ್ದ ಕಟ್ಟುವ ಕೆಲಸಕ್ಕೆ ಇದು ಇನ್ನೊಂದು ಪೆಟ್ಟು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಮೂಳೆಗೆ ಲಾಭವಿಲ್ಲ ಎಂಬುದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಮಾತ್ರೆ ನುಂಗಿದಾಗ ತಿಂಗಳು ತಿಂಗಳು ರಕ್ತಸ್ರಾವವಾಗುತ್ತದೆ. ಅದು ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಆಗುವ ಸ್ರಾವವೇ ಹೊರತು ಮಿದುಳು ಮತ್ತು ಅಂಡಾಶಯ ಚೇತರಿಸಿಕೊಂಡ ಗುರುತಲ್ಲ. ಆದರೆ ತಾಯಿ, ಮಗಳು, ಕೆಲವೊಮ್ಮೆ ವೈದ್ಯರೂ ಎಲ್ಲ ಸರಿಹೋಯಿತೆಂದು ನೆಮ್ಮದಿಯಾಗುತ್ತಾರೆ. ದೇಹ ಕೊಡುತ್ತಿದ್ದ ಒಂದೇ ಒಂದು ಸ್ಪಷ್ಟ ಎಚ್ಚರಿಕೆ ಹೀಗೆ ಮುಚ್ಚಿಹೋಗುತ್ತದೆ, ಮೂಳೆ ಮಾತ್ರ ಕರಗುತ್ತಲೇ ಇರುತ್ತದೆ.

ಹಾಗೆಂದು ಈಸ್ಟ್ರೋಜೆನ್‌ಗೆ ಇಲ್ಲಿ ಜಾಗವೇ ಇಲ್ಲವೆಂದಲ್ಲ. ಚರ್ಮದ ಮೇಲೆ ಅಂಟಿಸುವ ಪ್ಯಾಚ್‌ನಿಂದ ಹಾರ್ಮೋನು ನೇರ ರಕ್ತಕ್ಕೆ ಸೇರುತ್ತದೆ, ಯಕೃತ್ತಿನ ಮೇಲೆ ಅಂಥ ಪರಿಣಾಮ ಬೀರುವುದಿಲ್ಲ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅನೊರೆಕ್ಸಿಯಾ ಇದ್ದ ಹುಡುಗಿಯರಲ್ಲಿ ಬೆಳೆದವರಿಗೆ ಪ್ಯಾಚ್ ಮೂಲಕ ಈಸ್ಟ್ರೋಜೆನ್‌ನ ಒಂದು ರೂಪವಾದ ಎಸ್ಟ್ರಡಯಾಲ್ ಅನ್ನು ಸಹಜ ಪ್ರಮಾಣದಲ್ಲಿ ಕೊಟ್ಟು, ಗರ್ಭಕೋಶದ ಒಳಪದರವನ್ನು ಕಾಯುವ ಪ್ರೊಜೆಸ್ಟಿನ್ ಹಾರ್ಮೋನನ್ನು ನಿಯತವಾಗಿ ಸೇರಿಸಲಾಯಿತು. ಚಿಕ್ಕವರಿಗೆ ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ ಏರಿಸಲಾಯಿತು. ಹದಿನೆಂಟು ತಿಂಗಳಲ್ಲಿ ಬೆನ್ನು ಮತ್ತು ಸೊಂಟದ ಮೂಳೆಯ ಸಾಂದ್ರತೆ ಏರಿತು. ಆದರೂ ಅವರು ಆರೋಗ್ಯವಂತ ಓರಗೆಯವರ ಮಟ್ಟವನ್ನು ಪೂರ್ತಿ ಮುಟ್ಟಲಿಲ್ಲ.

ಈ ಪ್ಯಾಚ್‌ನ ಸುತ್ತ ತಜ್ಞರಲ್ಲಿ ಎರಡು ನಿಲುವುಗಳಿವೆ. ಊಟ ಮತ್ತು ತೂಕ ಮರಳುವುದೇ ನಿಜವಾದ ಚಿಕಿತ್ಸೆ, ಹಾರ್ಮೋನು ಕೊಟ್ಟರೆ ಆ ಕಷ್ಟದ ಕೆಲಸವನ್ನು ಮುಂದೂಡಲು ಕಾರಣ ಸಿಕ್ಕಂತಾಗುತ್ತದೆ ಎನ್ನುವುದು ಒಂದು. ಚೇತರಿಕೆಗೆ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಮೂಳೆ ಕಟ್ಟುವ ವಯಸ್ಸೇ ಕಳೆದುಹೋದರೆ ಮತ್ತೆ ಬಾರದು ಎನ್ನುವುದು ಇನ್ನೊಂದು. 2017ರ ಮಾರ್ಗಸೂಚಿ ನಡುವಿನ ದಾರಿ ಹಿಡಿದಿದೆ: ಮೊದಲು ಪೋಷಣೆ, ಮನೋಚಿಕಿತ್ಸೆ, ವ್ಯಾಯಾಮದಲ್ಲಿ ಹದ, ತಕ್ಕಷ್ಟು ಕಾಲ ಪ್ರಯತ್ನಿಸಿಯೂ ಮುಟ್ಟು ಮರಳದಿದ್ದರೆ ಸ್ವಲ್ಪ ಕಾಲ ಪ್ಯಾಚ್. ಎರಡನೆಯ ನಿಲುವಿನಲ್ಲಿರುವ ಆತಂಕ ನ್ಯಾಯವಾದದ್ದೇ, ಆದರೆ ಕ್ರಮ ತಲೆಕೆಳಗಾಗಬಾರದು. ತೂಕ ಮರಳಿದಾಗ ಸೊಂಟದ ಮೂಳೆ, ಮುಟ್ಟು ತಾನಾಗಿ ಮರಳಿದಾಗ ಬೆನ್ನುಮೂಳೆ ಸುಧಾರಿಸುವುದು ಕಂಡುಬಂದಿದೆ. ಪೂರ್ಣ ಫಲಕ್ಕೆ ಎರಡೂ ಬೇಕು, ಮತ್ತು ಎರಡಕ್ಕೂ ಮೊದಲು ಅನ್ನ ಬೇಕು.

2002ರ ಭಯ, 2025ರ ತಿರುವು

ಈಗ ಸುದ್ದಿಗೆ ಮರಳೋಣ. ಕಪ್ಪು ಚೌಕಟ್ಟು ಬಂದದ್ದು ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಬೃಹತ್ ಪ್ರಯೋಗದಿಂದ. ಋತುಬಂಧ ದಾಟಿದ 16,608 ಮಹಿಳೆಯರಿದ್ದ ಅದರ ಒಂದು ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಹಿಳೆಯರಿಗೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8 ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿತ್ತು. ಮೂಳೆಗಾದ ಲಾಭ ಅಂದೇ ಸಾಬೀತಾಗಿತ್ತು, ಆದರೆ ಭಯದ ಅಬ್ಬರದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಲಕ್ಷಾಂತರ ಮಹಿಳೆಯರು ಚಿಕಿತ್ಸೆಯನ್ನು ಒಮ್ಮೆಗೇ ಬಿಟ್ಟರು.

ಆ ಪ್ರಯೋಗದಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಐವತ್ತರ ಆಸುಪಾಸಿನಲ್ಲಿ ಶುರುಮಾಡುವವರಿಗೆ ಅದೇ ಅಂಕಿಗಳನ್ನು ಅನ್ವಯಿಸಿದ್ದು ತಪ್ಪು ಎಂಬ ವಾದ ಕ್ರಮೇಣ ಬಲವಾಯಿತು. ಅರವತ್ತರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಆರಂಭಿಸಿದರೆ ಲಾಭ ಹೆಚ್ಚು, ಅಪಾಯ ಕಡಿಮೆ ಎಂಬುದು ಈಗ ಹೆಚ್ಚಿನ ತಜ್ಞರ ಅಭಿಪ್ರಾಯ. ಎಫ್‌ಡಿಎ ತೀರ್ಮಾನವನ್ನು ಸ್ವಾಗತಿಸಿದವರು ಹೇಳುವುದು ಇದನ್ನೇ. ಟೀಕಿಸುವವರ ಮಾತೂ ಹಗುರವಲ್ಲ: ಯೋನಿಯಲ್ಲಿ ಹಚ್ಚುವ ಕಡಿಮೆ ಪ್ರಮಾಣದ ಕ್ರೀಮಿಗೆ ಆ ಚೌಕಟ್ಟು ಬೇಕಿರಲಿಲ್ಲ ನಿಜ, ಆದರೆ ಇಡೀ ದೇಹಕ್ಕೆ ಸೇರುವ ಮಾತ್ರೆಗಳಿಗೂ ಅದನ್ನು ತೆಗೆದದ್ದು ಅವಸರ ಎನ್ನುತ್ತಾರೆ ಅವರು. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರದ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆ ಈಗಲೂ ಉಳಿಯುತ್ತದೆ. ಬಿಸಿಯುಬ್ಬರದಂಥ ತೊಂದರೆ ಇಲ್ಲದವರು ಮುಂದೆ ಬರಬಹುದಾದ ಕಾಯಿಲೆಗಳ ತಡೆಗಾಗಿಯೇ ಹಾರ್ಮೋನು ತೆಗೆದುಕೊಳ್ಳುವುದು ಬೇಡವೆಂಬ ಅಮೆರಿಕದ ತಡೆ ಚಿಕಿತ್ಸಾ ಕಾರ್ಯಪಡೆಯ 2022ರ ಸಲಹೆಯನ್ನೂ ಇದರ ಜೊತೆಗೇ ಓದಬೇಕು.

ಇಲ್ಲಿ ಹಲವರು ಎಡವುವ ಇನ್ನೊಂದು ಜಾಗವಿದೆ. ಯೋನಿಯ ಒಣಗುವಿಕೆಗೆ ಹಚ್ಚುವ ಕ್ರೀಮು ರಕ್ತಕ್ಕೆ ಸೇರುವುದು ಅತ್ಯಲ್ಪ. ಅದು ಸುರಕ್ಷಿತವಾಗಿರುವುದಕ್ಕೆ ಕಾರಣ ಅದೇ, ಮೂಳೆಗೆ ಅದರಿಂದ ರಕ್ಷಣೆ ಸಿಗದಿರುವುದಕ್ಕೂ ಕಾರಣ ಅದೇ.

ಒಂದು ಸ್ಕ್ಯಾನ್, ಎರಡು ಅಳತೆಗೋಲು

ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಸ್ಕ್ಯಾನ್‌ನ ವರದಿಯಲ್ಲಿ ಟಿ-ಸ್ಕೋರ್ ಎಂಬ ಅಂಕಿ ಇರುತ್ತದೆ. ಅದು ರೋಗಿಯ ಮೂಳೆಯನ್ನು ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ನಿಗದಿಪಡಿಸಿದಂತೆ ಇದು −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಆ ಗೆರೆ ಎಳೆದದ್ದು ಋತುಬಂಧದ ನಂತರದ ಮಹಿಳೆಯರಿಗಾಗಿ. ಯುವತಿಯರಿಗೆ ಅದೇ ವಯಸ್ಸಿನವರೊಂದಿಗೆ ಹೋಲಿಸುವ ಝಡ್-ಸ್ಕೋರ್ ನೋಡಬೇಕು; ಅದು −2.0 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ವಯಸ್ಸಿಗೆ ತಕ್ಕಷ್ಟಿಲ್ಲ’ ಎನ್ನುತ್ತಾರೆ. ಅಳತೆಗೋಲು ಅದಲುಬದಲಾದರೆ ಒಂದೋ ಇಲ್ಲದ ಭಯ, ಇಲ್ಲವೇ ಹುಸಿ ಧೈರ್ಯ. ಆರು ತಿಂಗಳು ಅಥವಾ ಹೆಚ್ಚು ಕಾಲ ಮುಟ್ಟು ನಿಂತ ಯುವತಿಗೆ ಈ ಸ್ಕ್ಯಾನ್ ಮಾಡಿಸಬೇಕೆಂದು 2017ರ ಮಾರ್ಗಸೂಚಿ ಸೂಚಿಸುತ್ತದೆ.

ಹಿರಿಯರ ಮದ್ದು ಕಿರಿಯರಿಗೆ

ಋತುಬಂಧದ ನಂತರ ಸಾಮಾನ್ಯವಾಗಿ ಬರೆದುಕೊಡುವ ಅಲೆಂಡ್ರೋನೇಟ್‌ನಂಥ ಬಿಸ್‌ಫಾಸ್ಫೊನೇಟ್ ಔಷಧಿಗಳು ಕೆಡವುವ ಕಣಗಳನ್ನು ತಡೆಯುತ್ತವೆ. ಕೆಡವುವುದೇ ಮುಖ್ಯ ದೋಷವಾಗಿರುವಾಗ ಇದು ತಕ್ಕ ಮದ್ದು. ಆದರೆ ಅವು ಮೂಳೆಯಲ್ಲಿ ಹತ್ತಾರು ವರ್ಷ ಉಳಿದುಬಿಡುತ್ತವೆ. ಮುಂದೆ ಮಗು ಹೆರಬಹುದಾದ ಯುವತಿಗೆ ಅವನ್ನು ಕೊಡಲು ವೈದ್ಯರು ಹಿಂಜರಿಯುವುದು ಇದಕ್ಕೇ. ಡೆನೊಸುಮಾಬ್ ಎಂಬ ಚುಚ್ಚುಮದ್ದಿನದು ಇನ್ನೊಂದು ಬಗೆಯ ತೊಡಕು: ಅದನ್ನು ಬದಲಿ ಮದ್ದಿಲ್ಲದೆ ನಿಲ್ಲಿಸಿದರೆ ತಡೆಹಿಡಿದಿದ್ದ ನಷ್ಟ ಒಮ್ಮೆಗೇ ನುಗ್ಗಿ ಬೆನ್ನುಮೂಳೆಗಳು ಸಾಲಾಗಿ ಕುಸಿಯಬಹುದು.

ವ್ಯಾಯಾಮದ ಸಲಹೆಯೂ ತಿರುಗುಮುರುಗಾಗುತ್ತದೆ. ಐವತ್ತೈದರ ಮಹಿಳೆಗೆ ಭಾರ ಎತ್ತುವ ವ್ಯಾಯಾಮ ಮೂಳೆಗೂ ಸ್ನಾಯುವಿಗೂ ಒಳ್ಳೆಯದು. ಊಟ ಬಿಟ್ಟು ಗಂಟೆಗಟ್ಟಲೆ ಓಡುವ ಹುಡುಗಿಗೆ ಅದೇ ಮಾತು ಹೇಳಿದರೆ, ಅವಳ ಕಾಯಿಲೆಗೆ ನಾವೇ ಒಪ್ಪಿಗೆ ಕೊಟ್ಟಂತೆ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆ ಇದ್ದರೆ ತುಂಬಲೇಬೇಕು. ಆದರೆ ಕೊರತೆ ನೋಡದೆ ಆರಿಸಿದ 25,871 ಜನರಿದ್ದ ವೈಟಲ್ ಪ್ರಯೋಗದ 2022ರ ಫಲಿತಾಂಶದಂತೆ, ವಿಟಮಿನ್ ಡಿ ಮಾತ್ರೆ ಒಂದೇ ಮೂಳೆ ಮುರಿತವನ್ನು ತಗ್ಗಿಸಲಿಲ್ಲ. ಹಸಿವಿನಿಂದ ಆದ ನಷ್ಟವನ್ನಂತೂ ಯಾವ ಪೂರಕ ಮಾತ್ರೆಯೂ ತುಂಬಲಾರದು.

ಎರಡು ನಷ್ಟಗಳು ಒಬ್ಬಳಲ್ಲೇ ಕೂಡಿದಾಗ

ಇಷ್ಟು ಹೊತ್ತು ಯುವತಿ ಮತ್ತು ಮಧ್ಯವಯಸ್ಕೆಯನ್ನು ಬೇರೆ ಬೇರೆಯಾಗಿ ನೋಡಿದೆವು. ಆದರೆ ಹದಿನೇಳರಲ್ಲಿ ಊಟ ಬಿಟ್ಟಿದ್ದ ಹುಡುಗಿಯೇ ಮೂವತ್ತಮೂರು ವರ್ಷದ ನಂತರ ಋತುಬಂಧದ ಹೊಸ್ತಿಲಿಗೆ ಬರುತ್ತಾಳೆ. ಅವಳು ಚೇತರಿಸಿಕೊಂಡಿರಬಹುದು, ತೂಕ ಸರಿಯಿರಬಹುದು. ಆದರೂ ಅವಳ ಇಡುಗಂಟು ಮೊದಲೇ ಚಿಕ್ಕದಾಗಿದ್ದರೆ, ಎಲ್ಲರಂತೆ ಶೇ 10ರಷ್ಟು ಕಳೆದುಕೊಂಡರೂ ಅವಳು ಮುರಿತದ ಅಂಚನ್ನು ಉಳಿದವರಿಗಿಂತ ವರ್ಷಗಳ ಮೊದಲೇ ಮುಟ್ಟುತ್ತಾಳೆ. ಕೆಲವರಲ್ಲಿ ಹಳೆಯ ಕಾಯಿಲೆ ಇದೇ ವಯಸ್ಸಿನಲ್ಲಿ, ಮೈ ಬದಲಾಗುವ ಕಳವಳದ ನಡುವೆ ಮರುಕಳಿಸುವುದೂ ಉಂಟು.

ಅಮೆರಿಕದ ಸಲಹೆಯ ಪ್ರಕಾರ ಎಲ್ಲ ಮಹಿಳೆಯರಿಗೂ ಮೂಳೆಯ ಪರೀಕ್ಷೆ 65ರಿಂದ. ಅದಕ್ಕೂ ಮೊದಲು, ಮುಟ್ಟು ನಿಂತವರಲ್ಲಿ ಅಪಾಯದ ಅಂಶಗಳಿರುವವರಿಗೆ ಮಾತ್ರ. ಆ ಅಂಶಗಳ ಪಟ್ಟಿಯಲ್ಲಿ ಹದಿಹರೆಯದ ಊಟದ ಕಾಯಿಲೆಯ ನೆನಪು ಬರುವುದು ಅಪರೂಪ. ಮುಂದಿನ ಹತ್ತು ವರ್ಷಗಳಲ್ಲಿ ಮೂಳೆ ಮುರಿಯುವ ಸಾಧ್ಯತೆಯನ್ನು ಲೆಕ್ಕಹಾಕುವ ಫ್ರ್ಯಾಕ್ಸ್ ಎಂಬ ಸಾಧನ 2008ರಿಂದ ಬಳಕೆಯಲ್ಲಿದೆ. ಅದರಲ್ಲಿ ಊಟದ ಕಾಯಿಲೆಗೆಂದೇ ಪ್ರತ್ಯೇಕ ಪ್ರಶ್ನೆ ಇಲ್ಲ. ದೀರ್ಘಕಾಲದ ಅಪೌಷ್ಟಿಕತೆ ‘ಬೇರೆ ಕಾರಣದಿಂದ ಬಂದ ಆಸ್ಟಿಯೋಪೊರೋಸಿಸ್’ ಎಂಬ ಒಂದು ಕಲಮಿನೊಳಗೆ ಸೇರುತ್ತದೆ. ಸ್ಕ್ಯಾನ್‌ನ ಅಂಕಿಯನ್ನು ನಮೂದಿಸಿದೊಡನೆ ಆ ಕಲಮಿಗೆ ಲೆಕ್ಕದಲ್ಲಿ ಯಾವ ತೂಕವೂ ಉಳಿಯುವುದಿಲ್ಲ. ಆದ್ದರಿಂದ ಹಾರ್ಮೋನ್ ಚಿಕಿತ್ಸೆ ಬೇಕೇ ಬೇಡವೇ ಎಂದು ಕೇಳಲು ಬಂದ ಮಹಿಳೆಗೆ ವೈದ್ಯರು ಬಾಯಿಬಿಟ್ಟು ಕೇಳಬೇಕಾದ ಪ್ರಶ್ನೆಗಳಿವೆ: ಹದಿಹರೆಯದಲ್ಲಿ ಎಂದಾದರೂ ಮುಟ್ಟು ನಿಂತಿತ್ತೇ, ಎಷ್ಟು ತಿಂಗಳು ನಿಂತಿತ್ತು, ಆಗ ಊಟ ಹೇಗಿತ್ತು, ಮುಟ್ಟು ಮರಳಿದ್ದು ತಾನಾಗಿಯೋ ಮಾತ್ರೆಯಿಂದಲೋ. ಉತ್ತರ ಹೌದೆಂದಾದರೆ ಸ್ಕ್ಯಾನ್‌ಗೆ 65ರ ತನಕ ಕಾಯುವಂತಿಲ್ಲ.